ಮನೆಗೊಂದು ಗುದ್ದಲಿ

ಪಾಸ್ಟರ್ ಸಮಾಧಾನಪ್ಪನಿಗೂ ಅವನ ಹೆಸರಿಗೂ ಎಣ್ಣೆ ಸೀಗೆಕಾಯಿ. ಅರಸೀಕೆರೆಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದ ಅಪ್ಪ ಯಾವ ಆಸೆಯಿಂದ ಆ ಹೆಸರಿಟ್ಟನೋ, ಮಗ ಮಾತ್ರ ಬುದ್ಧಿ ಬಂದಾಗಿನಿಂದ ಯಾರೊಂದಿಗೂ ರಾಜಿಯಾದವನಲ್ಲ. ಬಾರ್ ಕಂಡರೆ ಸಿಟ್ಟು, ಟೀವಿ ಧಾರಾವಾಹಿ ಕಂಡರೆ ಸಿಟ್ಟು, ಪ್ರಾರ್ಥನೆಗೆ ತುಟಿಗೆ ಬಣ್ಣ ಬಳಿದುಕೊಂಡು ಬರುವ ಹುಡುಗಿಯರನ್ನು ಕಂಡರೆ ಸಿಟ್ಟು. ಕ್ರಿಸ್‌ಮಸ್ ದಿನ ಡಿಜೆ ಹಾಕಿ ಕುಣಿಯುವ ಪಟ್ಟಣದ ಸಭೆಗಳ ಮೇಲಂತೂ ಅವನಿಗೆ ಅನ್ಯರ ಮೇಲಿದ್ದುದಕ್ಕಿಂತ ಹೆಚ್ಚು ಸಿಟ್ಟು. ‘ಗೊತ್ತಿಲ್ಲದೋರು ಗುಂಡಿಗೆ ಬೀಳ್ತಾರೆ, ಇವರು ಗೊತ್ತಿದ್ದೂ ಗುಂಡಿಯೊಳಗೇ ಪೆಂಡಾಲ್ ಹಾಕ್ತಾರೆ’ ಎನ್ನುತ್ತಿದ್ದ.

ಜಾವಗಲ್ಲಿನಿಂದ ಹಳೇಬೀಡಿನ ಕಡೆ ಹೋಗುವಾಗ ಬಲಕ್ಕೆ ಹೊರಳಿದರೆ ಸಿಗುವ ಕಲ್ಲುಕೊಪ್ಪಲಿಗೆ ಅವನು ಬಂದು ಇಪ್ಪತ್ತೆರಡು ವರ್ಷ. ಬಂದಾಗ ಒಂದು ಸೈಕಲ್ಲು, ಒಂದು ಟ್ರಂಕು, ಹೆಂಡತಿ ಸುಗುಣ. ಈಗ ತಗಡಿನ ಮಾಡಿನ ಒಂದು ಪ್ರಾರ್ಥನಾ ಮನೆ, ಅದಕ್ಕೆ ನಡೆದುಕೊಳ್ಳುವ ಏಳು ಮನೆ. ಏಳು ಮನೆ ಕಟ್ಟಿಕೊಂಡು ಪಾಸ್ಟರ ಹೊಟ್ಟೆ ತುಂಬುತ್ತದೆಯೇ? ವಾರದ ಆರು ದಿನ ಅವನು ಲಕ್ಕಪ್ಪಗೌಡರ ಕಣದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ಏಳನೆಯ ದಿನ ಉಪದೇಶ. ಅವನು ಸುಲಿದ ಕಾಯಿ ಬೇಲೂರಿನ ಅಂಗಡಿ ಸೇರಿ, ಅಲ್ಲಿಂದ ಗುಡಿ ಸೇರುತ್ತಿತ್ತು. ಕಣದ ಆಳುಗಳಿಗೆ ಇದೊಂದು ಮುಗಿಯದ ತಮಾಷೆ.

‘ಸುಲಿಯಾಕೆ ಆಯ್ತದೆ, ಒಡೆಯಾಕೆ ಆಗಕ್ಕಿಲ್ವಾ ಪಾಸ್ಟ್ರೇ?’

‘ಸುಲಿಯೋದು ಕೂಲಿ, ಒಡೆಯೋದು ಪೂಜೆ. ನಾನು ಕೂಲಿಯೋನು ಕಣ್ರಪ್ಪ’ ಎಂದು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಇನ್ನೊಂದು ಕಾಯಿಯನ್ನು ಕುಕ್ಕುತ್ತಿದ್ದ.

ಅವನ ಧರ್ಮ ಹೀಗೆ, ಗೆರೆ ಕೊರೆದ ಹಾಗೆ. ಹಳೇಬೀಡಿನ ಗುಡಿಯ ಮುಂದೆ ಬಸ್ಸು ನಿಂತರೆ ಈಚೆ ಕಿಟಕಿಗೆ ಮುಖ ತಿರುಗಿಸಿ ಕೂರುತ್ತಿದ್ದ. ಜಗತ್ತೇ ಬಸ್ಸು ಮಾಡಿಕೊಂಡು ಬಂದು ನೋಡುವ ಆ ಕಲ್ಲಿನ ಕೆಲಸವನ್ನು, ಹತ್ತು ಮೈಲಿಯೊಳಗೆ ಇದ್ದುಕೊಂಡು, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ‘ಕಲ್ಲು ನೋಡಿದ್ರೆ ಕಲ್ಲೇನು ಕಚ್ಚಕ್ಕಿಲ್ಲ ಅಯ್ನೋರೆ’ ಎಂದು ಒಮ್ಮೆ ಅದೇ ಬಸ್ಸಿನಲ್ಲಿ ಪಕ್ಕ ಕೂತಿದ್ದ ಮಾರಮ್ಮ ಹೇಳಿದ್ದಳು. ಹಾಗೆ ಹೇಳುವ ಧೈರ್ಯ ಅವಳೊಬ್ಬಳಿಗೇ ಇದ್ದದ್ದು.

ಮಾರಮ್ಮ ಆ ಊರಿನಲ್ಲಿ ಮೊದಲು ದೀಕ್ಷಾಸ್ನಾನ ಪಡೆದವಳು. ಲಕ್ಕಪ್ಪಗೌಡರ ದಾಯಾದಿಯೊಬ್ಬನ ಹೆಂಡತಿ. ಗಂಡ ಸತ್ತಮೇಲೆ ಎರಡು ವರ್ಷ ಹಾಸಿಗೆ ಹಿಡಿದಿದ್ದವಳು, ಯಾರೋ ಮಾಡಿದ ಪ್ರಾರ್ಥನೆಯಿಂದ ಎದ್ದೆ ಎಂದು ನಂಬಿ ಎದ್ದು ಬಂದವಳು. ಅಕ್ಕಿ ಕೊಟ್ಟರು, ಹಣ ಕೊಟ್ಟರು ಎಂದು ಊರು ಆಡಿಕೊಂಡಿತು. ಕೊಟ್ಟವರು ಯಾರು? ಸಮಾಧಾನಪ್ಪನೇ ಅವಳ ಮನೆಯ ಮುದ್ದೆ ಉಂಡು ಮೊದಲ ಮಳೆಗಾಲ ಕಳೆದವನು.

ಆ ಊರಿನಲ್ಲಿ ಒಂದು ಪದ್ಧತಿ. ಯಾರ ಮನೆಯಲ್ಲಿ ಸಾವಾದರೂ ಹುಣಸೆ ತೋಪಿನ ಸ್ಮಶಾನಕ್ಕೆ ಮನೆಗೊಂದು ಗುದ್ದಲಿ ಬರಬೇಕು. ಮನೆಗೊಬ್ಬ ಆಳು ನಾಲ್ಕು ಏಟಾದರೂ ಹಾಕಬೇಕು, ಹೆಣ ಇಳಿಸಿದ ಮೇಲೆ ಒಂದು ಹಿಡಿ ಮಣ್ಣು ಹಾಕಬೇಕು. ಮಾತು ಬಿಟ್ಟವರೂ ಬರುತ್ತಾರೆ, ಬದುವಿನ ಜಗಳಕ್ಕೆ ಕೋರ್ಟಿಗೆ ಅಲೆಯುವವರೂ ಬರುತ್ತಾರೆ. ಅಂದು ಮಾತ್ರ ಗುದ್ದಲಿಯೇ ಮಾತು.

ಸಮಾಧಾನಪ್ಪ ಬಂದ ಮೊದಲ ವರ್ಷವೇ ತನ್ನ ಮನೆಗಳಿಗೆ ಇದನ್ನು ನಿಲ್ಲಿಸಿದ್ದ. ಗುಂಡಿಯ ಬಾಯಲ್ಲಿ ಕರ್ಪೂರ ಹಚ್ಚುತ್ತಾರೆ, ಕಾಯಿ ಒಡೆಯುತ್ತಾರೆ, ಹನ್ನೊಂದನೆಯ ದಿನ ಎಡೆ ಇಟ್ಟು ಊಟ ಹಾಕುತ್ತಾರೆ. ಆ ಹೊಗೆ ತಾಗಬಾರದು, ಆ ಎಡೆ ಮುಟ್ಟಬಾರದು ಎಂದ. ಏಳು ಮನೆಯ ಗುದ್ದಲಿಗಳು ಇಪ್ಪತ್ತೆರಡು ವರ್ಷ ಗೋಡೆಗೆ ಒರಗಿಯೇ ಇದ್ದವು.

ಮಾರಮ್ಮನೊಬ್ಬಳು ಮೀರಿದಳು. ಎಂಟು ವರ್ಷದ ಹಿಂದೆ ಲಕ್ಕಪ್ಪಗೌಡರ ತಾಯಿ ತೀರಿಕೊಂಡಾಗ ಹೋಗಿ ಮಣ್ಣು ಹಾಕಿದಳು, ತಿಥಿಯ ಊಟವನ್ನೂ ಉಂಡಳು. ‘ನನ್ನ ಬಾಣಂತನ ಮಾಡ್ದೋಳು ಅಯ್ನೋರೆ, ಹೆಂಗೆ ಹೋಗದೆ ಇರ್ಲಿ?’ ಎಂದಳು. ಸಮಾಧಾನಪ್ಪ ಕೇಳಲಿಲ್ಲ. ಭಾನುವಾರ ಎಲ್ಲರೆದುರು ನಿಲ್ಲಿಸಿ, ಆರು ವಾರ ಕರ್ತನ ಭೋಜನದಿಂದ, ಅಂದರೆ ಪ್ರಾರ್ಥನೆಯ ಕೊನೆಗೆ ಹಂಚುವ ರೊಟ್ಟಿಯಿಂದ, ಹೊರಗಿಟ್ಟ. ಆರೂ ಭಾನುವಾರ ಅವಳು ಹಿಂದಿನ ಚಾಪೆಯಲ್ಲಿ ಕೂತು, ರೊಟ್ಟಿಯ ತಟ್ಟೆ ಬಂದಾಗ ತಾನು ಮುಟ್ಟದೆ ಪಕ್ಕದವಳಿಗೆ ದಾಟಿಸಿದಳು. ಏಳನೆಯ ವಾರ ರೊಟ್ಟಿಯ ಚೂರನ್ನು ಬಾಯಿಗಿಟ್ಟುಕೊಂಡು ಒಂದೇ ಮಾತು ಹೇಳಿದಳು: ‘ಹಸಿವಾಗಿತ್ತು ಅಯ್ನೋರೆ.’

ಅದನ್ನು ಕೇಳಿದಾಗ ಸಮಾಧಾನಪ್ಪನಿಗೆ ತನ್ನ ಶಿಸ್ತು ಫಲ ಕೊಟ್ಟಿತೆಂಬ ಹೆಮ್ಮೆಯೇ ಆಗಿತ್ತು. ಹೆಮ್ಮೆ!

ಈ ವರ್ಷ ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಗ್ಗೆ ಮಾರಮ್ಮ ತೀರಿಕೊಂಡಳು. ಹಿಂದಿನ ವಾರವಷ್ಟೇ ಪಾಸ್ಟರ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದಳು. ‘ನನ್ನ ಅರಸೀಕೆರೆಗೆ ಹೊತ್ಕಂಡು ಹೋಗ್ಬ್ಯಾಡಿ. ಅಲ್ಲಿ ನಂಗ್ಯಾರೂ ಗುರುತಿಲ್ಲ. ನಮ್ಮೆಜಮಾನ್ರ ಪಕ್ಕದಾಗೆ ಇಡ್ಸಿ. ಆಯ್ತು ಅನ್ನಿ.’ ಅವನು ಆಯ್ತು ಅಂದಿದ್ದ. ಪಾಸ್ಟರು ಕೊಟ್ಟ ಮಾತು.

ಹಾರನಹಳ್ಳಿಗೆ ಕೊಟ್ಟಿದ್ದ ಮಗಳು ಪ್ರತಿಮಾ ಎಂಟು ಗಂಟೆಯ ಟೆಂಪೋದಲ್ಲಿ ಬಂದಳು. ಹಣೆಗೆ ಕುಂಕುಮ ಇಟ್ಟುಕೊಳ್ಳುವವಳು, ಅವ್ವನ ದಾರಿಗೆ ಬರದವಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಹೊರಗೆ ನೋಡಿದಳು. ಜಗಲಿಯ ಮುಂದೆ ಏಳು ಮನೆಯ ಹೆಂಗಸರು ಬಿಟ್ಟರೆ ನಾಯಿಯೂ ಇರಲಿಲ್ಲ.

‘ಗುದ್ದಲಿ ಎಲ್ಲಿ?’ ಎಂದಳು.

ಹೆಂಗಸರು ಪಾಸ್ಟರ ಕಡೆ ನೋಡಿದರು.

‘ನಾವೇ ತೋಡ್ತೀವಿ ಕಣಮ್ಮ’ ಎಂದ ಸಮಾಧಾನಪ್ಪ. ‘ಸರ್ಕಾರದ ಸ್ಮಶಾನ. ಯಾರಪ್ಪನ ಅಪ್ಪಣೆ ಬೇಕು?’

‘ನೀವೇ ತೋಡಿದ್ರೆ ಕದ್ದು ಹೂಳಿದಂಗೆ ಆಯ್ತದೆ ಅಯ್ನೋರೆ. ನಮ್ಮವ್ವ ಈ ಊರಿಗೆ ಸೊಸೆಯಾಗಿ ಬಂದೋಳು, ಕಳ್ಳಿಯಲ್ಲ. ಊರ ಗುದ್ದಲಿ ಬೀಳ್ಬೇಕು. ಇಲ್ದಿದ್ರೆ ನಾನು ಎತ್ತಾಕೆ ಬಿಡಕ್ಕಿಲ್ಲ.’

ಅಷ್ಟರಲ್ಲಿ ಧರ್ಮೇಶ್ ಬೈಕಿನಲ್ಲಿ ಬಂದ. ಇದೇ ಊರಿನ ಹುಡುಗ, ಹಳೇಬೀಡಿನಲ್ಲಿ ಮೊಬೈಲ್ ಅಂಗಡಿ, ಕೊರಳಲ್ಲಿ ಕೇಸರಿ ಶಾಲು, ಧರ್ಮ ಉಳಿಸುವ ಸಂಘವೊಂದರ ತಾಲ್ಲೂಕು ಸಂಚಾಲಕ. ಎರಡು ವರ್ಷದ ಹಿಂದೆ ಶಾಲೆಯ ಪಕ್ಕ ಬಾರ್ ತೆರೆಯಲು ಬಂದಾಗ ಇದೇ ಧರ್ಮೇಶ್ ಮತ್ತು ಇದೇ ಸಮಾಧಾನಪ್ಪ ಒಂದೇ ಜಮಖಾನದ ಮೇಲೆ ಮೂರು ದಿನ ಧರಣಿ ಕೂತಿದ್ದರು. ಕುಡಿತದ ವಿಚಾರದಲ್ಲಿ, ಹುಡುಗಿಯರ ಉಡುಪಿನ ವಿಚಾರದಲ್ಲಿ, ಫೆಬ್ರವರಿಯ ಗುಲಾಬಿ ಹೂವಿನ ವಿಚಾರದಲ್ಲಿ ಇಬ್ಬರದೂ ಒಂದೇ ಬಾಯಿ. ‘ಪಾಸ್ಟರೇ, ನೀವು ನಮ್ ಕಡೆ ಹುಟ್ಬೇಕಿತ್ತು’ ಎಂದು ಅವನು ಆಗ ನಕ್ಕಿದ್ದ. ಈಗ ಬೈಕಿನಿಂದ ಇಳಿಯಲೂ ಇಲ್ಲ.

‘ನೋಡಿ ಪಾಸ್ಟರೇ, ಗಲಾಟೆ ಬೇಡ. ಅರಸೀಕೆರೇಲಿ ನಿಮ್ದೇ ಸ್ಮಶಾನ ಇದೆಯಲ್ಲ, ತಗೊಂಡ್ಹೋಗಿ. ನಮ್ ಹಿರಿಯರು ಮಲಗಿರೋ ಜಾಗ ಅದು.’

‘ಇವಳ ಗಂಡನೂ ಅಲ್ಲೇ ಮಲಗಿರೋದು ಕಣಪ್ಪ.’

‘ಗಂಡನ್ನ ಬಿಟ್ಟು ನಿಮ್ ದೇವ್ರ ಹಿಂದೆ ಬಂದ್ರಲ್ಲ. ಹಂಗೇ ಮುಂದಕ್ಕೆ ಹೋಗ್ಲಿ.’

ಸತ್ತವಳನ್ನು ಹೊಸಿಲೊಳಗೆ ಇಟ್ಟುಕೊಂಡು ಆಡುವ ಮಾತೇ ಇದು? ಧರ್ಮ ಉಳಿಸುವವನಂತೆ! ಮಾರಮ್ಮ ಹಾಸಿಗೆ ಹಿಡಿದು ನರಳುತ್ತಿದ್ದಾಗ ಈ ಧರ್ಮ ಯಾವ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿತ್ತು? ಸಮಾಧಾನಪ್ಪ ಜಗಲಿಯಿಂದ ಇಳಿದ. ಅದೇ ಹೊತ್ತಿಗೆ ಜೇಬಿನೊಳಗೆ ಫೋನು ಕೂಗಿತು.

ಬೇಲೂರಿನ ಮೋಹನ್‌ಕುಮಾರ್. ಧರ್ಮೇಶನ ಸಂಘಕ್ಕೆ ಎದುರಾದ ಪಕ್ಷದ ಬ್ಲಾಕ್ ಕಾರ್ಯದರ್ಶಿ. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ, ತನ್ನ ಫೋಟೊ ಇರುವ ಪೆಟ್ಟಿಗೆಯಲ್ಲಿ ಕೇಕು ತಂದುಕೊಟ್ಟು, ಅಲ್ಪಸಂಖ್ಯಾತರ ರಕ್ಷಕನೆಂದು ಫ್ಲೆಕ್ಸ್ ಕಟ್ಟಿಸಿಕೊಳ್ಳುವವನು.

‘ಪಾಸ್ಟರ್ ಸಾರ್, ವಿಷಯ ಗೊತ್ತಾಯ್ತು. ಬಾಡಿ ಎತ್ಬೇಡಿ. ಸಂಜೆ ಐದಕ್ಕೆ ಪ್ರೆಸ್‌ನೋರ್ನ ಕರ್ಕೊಂಡು ಬರ್ತೀನಿ. ರೋಡಲ್ಲಿ ಇಟ್ಬಿಡೋಣ.’

‘ಏನು ಇಡೋಣ?’

‘ಬಾಡಿ ಸಾರ್. ಅರ್ಧ ಗಂಟೆ ಸಾಕು, ಸ್ಟೇಟ್ ನ್ಯೂಸ್ ಆಗುತ್ತೆ.’

‘ಅವಳಿಗೆ ಹೆಸರಿದೆ’ ಎಂದು ಸಮಾಧಾನಪ್ಪ ಕೂಗಿದ. ‘ಮಾರಮ್ಮ. ಎಪ್ಪತ್ತೊಂದು ವರ್ಷ. ನಿಮ್ಮ ಕೇಕು ಡಿಸೆಂಬರಲ್ಲೇ ಹಳಸೋಯ್ತು ಕಣ್ರೀ, ಬರಬೇಡಿ.’ ಫೋನನ್ನು ಕಟ್ ಮಾಡಿದ.

ಒಬ್ಬನಿಗೆ ಹೆಣ ಊರಿಂದ ಆಚೆ ಹೋಗಬೇಕು, ಇನ್ನೊಬ್ಬನಿಗೆ ಹೆಣ ರಸ್ತೆಗೆ ಬರಬೇಕು. ಮಾರಮ್ಮನನ್ನು ಮಣ್ಣಿಗೆ ಇಡೋಣ ಎಂದವನು ಒಬ್ಬನೂ ಇಲ್ಲ. ಇದು ರಾಜಕೀಯವಂತೆ, ಇದು ಸಂಸ್ಕೃತಿಯಂತೆ. ನೊಣಕ್ಕೆ ಹುಣ್ಣಿನ ಮೇಲೆ ಎಷ್ಟು ಪ್ರೀತಿಯೋ ಇವರಿಗೆ ಸಾವಿನ ಮೇಲೆ ಅಷ್ಟೇ ಪ್ರೀತಿ.

ಹನ್ನೊಂದಕ್ಕೆ ಜೀಪು ಬಂತು. ಪೊಲೀಸಿನವನು ನೆರಳು ನೋಡಿ ನಿಂತು, ಟೋಪಿ ತೆಗೆದು ತಲೆ ಕೆರೆದುಕೊಂಡ. ಕೆಟ್ಟವನಲ್ಲ.

‘ಕಾನೂನು ನಿಮ್ ಕಡೇನೇ ಐತೆ ಪಾಸ್ಟರೇ. ಬೇಕಾದ್ರೆ ಬಂದೋಬಸ್ತು ಕೊಡ್ತೀನಿ. ಆದ್ರೆ ಗುಂಡಿ ತೋಡಾಕೆ ಕಾನೂನು ಬರಕ್ಕಿಲ್ಲವಲ್ಲ. ಗೌಡ್ರ ಹತ್ರ ಒಂದ್ ಮಾತಾಡಿ.’

ಲಕ್ಕಪ್ಪಗೌಡರು ಕಣದಲ್ಲೇ ಇದ್ದರು. ಎಪ್ಪತ್ತಾರರ ಮುದುಕ, ಊರಿನ ಯಜಮಾನ, ಸುಲಿದ ಕಾಯಿಯ ರಾಶಿಯ ಪಕ್ಕ ಮಂಕರಿ ಬೋರಲು ಹಾಕಿಕೊಂಡು ಕೂತಿದ್ದರು. ನಿನ್ನೆ ಸಂಜೆ ಸಮಾಧಾನಪ್ಪ ಸುಲಿದು ಒಟ್ಟಿದ ರಾಶಿ ಅದು.

‘ಗೌಡ್ರೆ, ನಿಮ್ಮ ಮನೆ ಸೊಸೆ ಅವಳು. ಒಂದು ಮಾತು ಹೇಳಿ, ಗುದ್ದಲಿ ಬರ್ಲಿ.’

‘ಬ್ಯಾಡ ಅಂದೋನು ನಾನಲ್ಲವಲ್ಲಪ್ಪ.’

‘ಬನ್ನಿ ಅಂತಲೂ ಹೇಳ್ಲಿಲ್ಲ. ಆ ಹುಡುಗ ಬಾಯಿಗೆ ಬಂದಂಗೆ ಆಡಿ ಹೋದ. ಇಡೀ ಊರು ಬಾಗಿಲು ಹಾಕ್ಕೊಂಡು ಕೂತಿದೆ. ಇದು ಮನುಷ್ಯರ ಊರಾ?’

ಗೌಡರಿಗೆ ಸಿಟ್ಟು ಬರಲಿಲ್ಲ. ಅದೇ ಸಮಾಧಾನಪ್ಪನಿಗೆ ತಡೆಯಲಾಗದ್ದು.

‘ಧರ್ಮೇಶ ಹೇಳ್ದ ಅಂತ ಊರು ಕೂತಿಲ್ಲ ಕಣಯ್ಯ. ಅವನ ಮಾತ ಅವನ ಹೆಂಡ್ತೀನೇ ಕೇಳಕ್ಕಿಲ್ಲ. ನಾನು ಯಾರ ಬಾಗಿಲಿಗೆ ಹೋಗಿ, ಯಾವ ಬಾಯಲ್ಲಿ ಗುದ್ದಲಿ ತಗಂಡು ಬಾ ಅನ್ಲಿ? ಇಪ್ಪತ್ತೆರಡು ವರ್ಷ ಆ ತೋಪಿಗೆ ಎಷ್ಟು ಹೆಣ ಹೋದ್ವು? ನಿಮ್ಮ ಏಳು ಮನೇಲಿ ಒಂದು ಗುದ್ದಲಿ ಬಂತಾ? ನಮ್ಮವ್ವ ಸತ್ತ ದಿನ ನೀನು ಎಲ್ಲಿದ್ದೆ?’

ಸಮಾಧಾನಪ್ಪನಿಗೆ ಚೆನ್ನಾಗಿ ನೆನಪಿತ್ತು.

‘ಇದೇ ಕಣದಾಗೆ ಕಾಯಿ ಸುಲೀತಿದ್ದೆ’ ಎಂದರು ಗೌಡರೇ. ‘ಹೆಣ ಈ ಬೇಲಿ ಪಕ್ಕದಾಗೆ ಹೋಯ್ತು. ನೀನು ತಲೆ ಎತ್ತಿ ನೋಡ್ದೆ, ಮತ್ತೆ ಸುಲಿದೆ. ನಮ್ಮವ್ವ ನಿಂಗೆ ಎಷ್ಟು ಸಲ ಮಜ್ಜಿಗೆ ಕೊಟ್ಟಿದ್ಲು ಅಂತ ನಾನು ಕೇಳಕ್ಕಿಲ್ಲ. ಬಂದೋಳು ಒಬ್ಳೇ. ಅವಳಿಗೆ ನೀನು ಏನು ಮಾಡ್ದೆ ಅಂತ ಊರಿಗೇ ಗೊತ್ತು. ಆರು ವಾರ ರೊಟ್ಟಿ ಕೊಡ್ಲಿಲ್ಲವಂತಲ್ಲ ನಿನ್ನ ದೇವ್ರು.’

‘ದೇವರಲ್ಲ, ನಾನು’ ಎಂದು ಸಮಾಧಾನಪ್ಪನ ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಅದು ಎಂಥ ಮಾತು ಎಂದು ಹೊಳೆಯಿತು.

‘ಅವಳ ಸಲುವಾಗಿ ಒಂದು ಮಾತು ಹೇಳ್ತೀನಿ. ನಮ್ಮವ್ವನ ಗುಡ್ಡೆ ಆ ತೋಪಿನಾಗೇ ಐತೆ. ಒಂದು ಹಿಡಿ ಮಣ್ಣು ಹಾಕು. ಆಮ್ಯಾಕೆ ನಾನೇ ಮನೆಮನೆಗೆ ಹೋಗ್ತೀನಿ.’

‘ಆಮೇಲೆ ಕರ್ಪೂರ ಹಚ್ಚು ಅಂತೀರಿ.’

‘ಅನ್ನಕ್ಕಿಲ್ಲ. ಕಾಯಿ ಒಡೀಬ್ಯಾಡ, ಕೈ ಮುಗೀಬ್ಯಾಡ. ಸುಲಿಯೋದು ಕೂಲಿ, ಒಡೆಯೋದು ಪೂಜೆ ಅಂತ ಹೇಳ್ಕೊಟ್ಟೋನು ನೀನೇ ಅಲ್ವೇನಯ್ಯ? ಮಣ್ಣು ಹಾಕೋದು ಯಾವುದ್ರಾಗೆ ಬತ್ತದೆ, ನೀನೇ ಹೇಳು.’

ಹೆಣದ ಮುಂದೆ ಷರತ್ತು ಇಡುವುದು ನ್ಯಾಯವಲ್ಲ. ಗೌಡರು ಹೇಳಿದರೂ ಅಲ್ಲ, ಊರೇ ಹೇಳಿದರೂ ಅಲ್ಲ. ಸಮಾಧಾನಪ್ಪ ಅದನ್ನು ಅವರ ಮುಖಕ್ಕೇ ಹೇಳಿ ಹೊರಟ, ಆದರೆ ಹೊರಟದ್ದು ತೋಪಿನ ಕಡೆಗೇ. ತೋಪಿನ ದಾರಿಯುದ್ದಕ್ಕೂ ಬೈಯುತ್ತಲೇ ನಡೆದ. ಗೌಡರನ್ನು ಬೈದ, ಧರ್ಮೇಶನನ್ನು ಬೈದ, ಕೇಕಿನವನನ್ನು ಬೈದ. ಮೂರು ಜನ ಮುಗಿದಾಗ ತೋಪು ಇನ್ನೂ ದೂರವಿತ್ತು. ಬೈಯಲು ಇನ್ನೊಬ್ಬ ಉಳಿದಿದ್ದ.

ಅವನು ಹತ್ತಾರು ಸಲ ಉಪದೇಶ ಮಾಡಿದ ಒಂದು ಪ್ರಸಂಗವಿತ್ತು. ಅವನ ಧರ್ಮದ ಮೂಲಪಿತೃ ಪರದೇಶದಲ್ಲಿ ಹೆಂಡತಿಯನ್ನು ಕಳೆದುಕೊಂಡು, ಆ ನಾಡಿನ ಅನ್ಯಜನರ ಹತ್ತಿರ ಸಮಾಧಿಗೆ ನೆಲ ಕೇಳಿದ ಕತೆ. ‘ಪುಕ್ಕಟೆ ಬೇಡ ಅಂದ ನೋಡಿ, ಅನ್ಯರ ಹಂಗು ಬೇಡ ಅಂದ’ ಎಂದು ಕೈ ಎತ್ತಿ ಸಾರುತ್ತಿದ್ದ. ಆದರೆ ನೆಲ ಕೊಳ್ಳುವ ಮುಂಚೆ ಆ ಮುದುಕ ಎದ್ದು ನಿಂತು ಆ ಜನರ ಮುಂದೆ ಬಗ್ಗಿದ. ಒಂದಲ್ಲ, ಎರಡು ಸಲ ಬಗ್ಗಿದ. ಅದೂ ಅಲ್ಲೇ ಬರೆದಿತ್ತು. ಇಪ್ಪತ್ತೆರಡು ವರ್ಷ ಆ ಸಾಲಿನ ಮೇಲೆ ಅವನ ಬೆರಳು ಹಾದುಹೋಗಿತ್ತು, ಹಳೇಬೀಡಿನ ಗುಡಿಯ ಮುಂದೆ ಬಸ್ಸು ಹಾದುಹೋದ ಹಾಗೆ, ಈಚೆ ಕಿಟಕಿಗೆ ಮುಖ ಮಾಡಿಕೊಂಡು.

ತೋಪಿನಲ್ಲಿ ಗೌಡರ ಮಗನೂ ನಾಲ್ಕಾರು ಜನರೂ ಆಗಲೇ ಬಂದು ನಿಂತಿದ್ದರು. ಸುದ್ದಿಗೆ ಕಾಲು ಬೇಕೇ? ಧರ್ಮೇಶನೂ ಬಂದಿದ್ದ, ಮೊಬೈಲನ್ನು ಅಡ್ಡಡ್ಡ ಹಿಡಿದುಕೊಂಡು.

‘ಬನ್ನಿ ಪಾಸ್ಟರೇ, ಬನ್ನಿ. ಪಾದ್ರಿ ಮಾತೃಧರ್ಮಕ್ಕೆ ಶರಣು ಅಂತ ಹಾಕ್ತೀನಿ. ಸಂಜೆಯೊಳಗೆ ಅರಸೀಕೆರೆ ತನಕ ಓಡುತ್ತೆ.’

ಓಡುತ್ತದೆ, ಅದು ಸಮಾಧಾನಪ್ಪನಿಗೂ ಗೊತ್ತಿತ್ತು. ಅರಸೀಕೆರೆಯ ಹಿರಿಯ ಪಾಸ್ಟರುಗಳು ನೋಡುತ್ತಾರೆ, ಕರೆಸುತ್ತಾರೆ, ಅವನು ಮಾರಮ್ಮನನ್ನು ನಿಲ್ಲಿಸಿದ ಹಾಗೆ ಅವನನ್ನು ನಿಲ್ಲಿಸುತ್ತಾರೆ. ತಗಡಿನ ಮನೆಗೆ ಬೀಗ ಬಿದ್ದರೂ ಬೀಳಬಹುದು. ಹಿಂದಕ್ಕೆ ಹೋಗಬಹುದಿತ್ತು. ಹೋದರೆ ನಂಬಿಕೆಗಾಗಿ ಹೋರಾಡಿದ ಸೇವಕನೆಂದು ಹೊಗಳಿ ಅದೇ ಹಿರಿಯರು ಹಾರ ಹಾಕುತ್ತಿದ್ದರು. ಮಾರಮ್ಮ ಮಾತ್ರ ಗುರುತಿಲ್ಲದವರ ನಡುವೆ ಮಲಗುತ್ತಿದ್ದಳು.

ಅವನು ಚಪ್ಪಲಿ ಬಿಟ್ಟ. ಗೌಡರ ತಾಯಿಯ ಗುಡ್ಡೆ ಎಂಟು ಮಳೆಗಾಲಕ್ಕೆ ಕುಸಿದು ಹುಲ್ಲು ಹತ್ತಿತ್ತು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅದರ ಮೇಲೆ ಹಾಕಿದ. ಕೈ ಮುಗಿಯಲಿಲ್ಲ. ಆಮೇಲೆ ಧರ್ಮೇಶನ ಕಡೆ ತಿರುಗಿ, ಮೊಬೈಲಿನ ಕಣ್ಣಿಗೆ ಮುಖ ಕೊಟ್ಟು ನಿಂತ.

‘ಸರಿಯಾಗಿ ಹಿಡಿ ಕಣೋ, ಬಿಸಿಲು ಬೀಳ್ತಿದೆ. ನಾನು ಯಾವ ಧರ್ಮಕ್ಕೂ ಶರಣು ಬಂದಿಲ್ಲ. ಮಜ್ಜಿಗೆ ಕೊಟ್ಟ ತಾಯಿಗೆ ಎಂಟು ವರ್ಷ ತಡವಾಗಿ ಮಣ್ಣು ಹಾಕಕ್ಕೆ ಬಂದಿದ್ದೀನಿ. ನನ್ನ ದೇವರು ಒಬ್ಬನೇ, ನೆನ್ನೆಯೂ ಅವನೇ, ನಾಳೆಯೂ ಅವನೇ. ತಪ್ಪು ಮಾಡ್ದೋನು ನಾನು. ಇದನ್ನೂ ಸೇರ್ಸಿ ಹಾಕು. ಕತ್ತರಿಸಿ ಹಾಕಿದ್ರೆ ನೀನೂ ಆ ಬೇಲೂರಿನ ಕೇಕಿನವನೂ ಒಂದೇ ಬೋಗಣಿ ಹಿಟ್ಟು.’

ಯಾರೋ ಕಿಸಕ್ಕೆಂದರು. ಗೌಡರ ಮಗ ‘ಫೋನ್ ಒಳಗಿಡೋ ಧರ್ಮೇಶ, ನಿಮ್ಮನೆ ಗುದ್ದಲಿ ತರೋಗು’ ಎಂದ. ಧರ್ಮೇಶ್ ಫೋನನ್ನು ಒಳಗಿಟ್ಟ. ಗುದ್ದಲಿ ತರಲಿಲ್ಲ. ಬೈಕು ಹತ್ತಿ ಹೋದ. ಅರ್ಧ ಗಂಟೆಯ ಮೇಲೆ ಅವನಪ್ಪ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಕುಂಟುತ್ತ ಬಂದ.

ಗೌಡರು ಮಾತು ಉಳಿಸಿಕೊಂಡರು. ಮಧ್ಯಾಹ್ನ ಎರಡರ ಹೊತ್ತಿಗೆ ತೋಪಿನಲ್ಲಿ ಗುದ್ದಲಿಗಳ ಸಾಲು. ಎಲ್ಲರೂ ಬಂದರೆಂದು ಹೇಳಿದರೆ ಸುಳ್ಳಾಗುತ್ತದೆ. ಹತ್ತು ಹನ್ನೆರಡು ಬಾಗಿಲು ತೆರೆಯಲೇ ಇಲ್ಲ, ಇಂದಿಗೂ ಆ ಬಾಗಿಲುಗಳು ಸಮಾಧಾನಪ್ಪನನ್ನು ಕಂಡರೆ ಮುಚ್ಚಿಕೊಳ್ಳುತ್ತವೆ. ಬಂದವರು ತೋಡಿದರು. ಸಮಾಧಾನಪ್ಪ ಕೈ ಚಾಚಿ ‘ನನಗೂ ಒಂದು ಕೊಡಿ’ ಎಂದಾಗ ಗೌಡರು ಕೊಡಲಿಲ್ಲ.

‘ನಿಮ್ಮನೇದು ತಗಂಬಾ. ಮನೆಗೊಂದು.’

ಅವನು ಓಡಿದ. ಐವತ್ತೇಳು ವರ್ಷದವನು ಪಂಚೆ ಎತ್ತಿ ಕಟ್ಟಿ ಓಡಿಹೋಗಿ, ಪ್ರಾರ್ಥನಾ ಮನೆಯ ಗೋಡೆಗೆ ಒರಗಿದ್ದ ಗುದ್ದಲಿ ತಂದ. ಕಾವು ಸಡಿಲವಾಗಿತ್ತು, ಮೂರನೆಯ ಏಟಿಗೆ ತಲೆ ಕಳಚಿ ಬಿತ್ತು. ‘ಇಪ್ಪತ್ತೆರಡು ವರ್ಷದ್ದು, ಇನ್ನೇನಾಯ್ತದೆ’ ಎಂದು ಯಾರೋ ಅಂದರು. ಪ್ರತಿಮಾ ಅಳುತ್ತಿದ್ದವಳು ನಕ್ಕುಬಿಟ್ಟಳು.

ಮಾರಮ್ಮನನ್ನು ಗಂಡನ ಪಕ್ಕ ಇಟ್ಟರು. ಪಾಸ್ಟರು ಪ್ರಾರ್ಥನೆ ಮಾಡುವವರೆಗೆ ಊರಿನವರು ಟವೆಲು ತೆಗೆದು ನಿಂತರು. ಮಗಳು ಕರ್ಪೂರ ಹಚ್ಚಿದಾಗ ಸಮಾಧಾನಪ್ಪ ಮುಖ ತಿರುಗಿಸಿದ. ಆದರೆ ಅಲ್ಲಿಂದ ಹೋಗಲಿಲ್ಲ.

ಭಾನುವಾರ ಬಂತು. ಅರಸೀಕೆರೆಯಿಂದ ಹಿರಿಯರು ಆಗಲೇ ಎರಡು ಸಲ ಫೋನು ಮಾಡಿದ್ದರು. ವಿಡಿಯೋ ಅವರನ್ನು ಮುಟ್ಟಿತ್ತು, ಮಾತು ಕತ್ತರಿಸಿ. ಸಮಾಧಾನಪ್ಪ ಉಪದೇಶ ಮಾಡಿದ, ಎಂದಿನಂತೆಯೇ ಬೆಂಕಿ. ಬಾರನ್ನೂ ಬಿಡಲಿಲ್ಲ, ಫ್ಲೆಕ್ಸನ್ನೂ ಬಿಡಲಿಲ್ಲ, ಎಡೆಯ ಊಟವನ್ನೂ ಬಿಡಲಿಲ್ಲ. ಗೆರೆ ಇದ್ದಲ್ಲೇ ಇತ್ತು. ಆಮೇಲೆ ರೊಟ್ಟಿ ಮುರಿದು ಒಬ್ಬೊಬ್ಬರಿಗೂ ಕೊಟ್ಟ. ಕೊನೆಗೆ ಸುಗುಣ ತಟ್ಟೆಯನ್ನು ಅವನ ಮುಂದೆ ಹಿಡಿದಳು. ಅವನು ಮುಟ್ಟಲಿಲ್ಲ.

‘ಯಾಕ್ರೀ?’ ಎಂದಳು ಮೆಲ್ಲಗೆ.

‘ಮಣ್ಣು ಹಾಕಿದ್ದಕ್ಕೆ ಮಾರಮ್ಮನಿಗೆ ಆರು ವಾರ ಕೊಟ್ಟಿದ್ದೆ. ನಾನೂ ಹಾಕಿ ಬಂದಿದ್ದೀನಿ. ಆವತ್ತು ನಾನು ಮಾಡಿದ್ದು ಸರಿ ಅನ್ನೋದಾದ್ರೆ ನನಗೂ ಆರು ವಾರ. ತಪ್ಪು ಅನ್ನೋದಾದ್ರೂ ನನಗೆ ಆರು ವಾರ.’

ಮುಂದೆ ನಿಂತಿದ್ದಲ್ಲಿಂದ ನಡೆದುಹೋಗಿ ಮಾರಮ್ಮ ಕೂರುತ್ತಿದ್ದ ಹಿಂದಿನ ಚಾಪೆಯ ಮೇಲೆ ಕೂತ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಹಸಿವಾಗಿತ್ತು.